ಜೀವಂತ ಸೊನ್ನೆ

ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ ಬಂದಾಗ
ಕೆರಗೋಡಿನ ಸೋದರತ್ತೆ ಕೇಳಿದ್ದಳು:
'ಇನ್‌ಸ್ಟ್ರುಮೆಂಟು ಅಂದ್ರೆ ವಾಲಗವೇನವ್ವ?
ಮದ್ವೆ ಮನೇಲಿ ಕೂತ್ಕೊಂಡು ಊದೋದಾ?'
ಇಲ್ಲ ಅತ್ತೆ, ಅಳೆಯೋದು, ಎಂದೆ.
'ಏನ ಅಳೀತೀಯೆ?'
ಬಿಸಿ, ಒತ್ತಡ, ಹರಿವು, ಮಟ್ಟ.
'ಅಷ್ಟೇಯ? ಅದ ನಾನೂ ಅಳೀತೀನಿ ಬುಡು'
ಎಂದವಳು ಮುದ್ದೆಯ ಎಸರಿಗೆ ಕಿವಿಗೊಟ್ಟು
ಮುಚ್ಚಳ ತೆಗೆಯದೆಯೇ ಹಿಟ್ಟಿಗೆ ಕೈ ಹಾಕಿದಳು.

ಕೆಲಸ ಸಿಕ್ಕಿದ್ದು ಮಂಡ್ಯದ ಹೊರಗೊಂದು ಸಕ್ಕರೆ ಕಾರ್ಖಾನೆಯಲ್ಲಿ.
ಮೊದಲ ದಿನ ಕೊಟ್ಟರು
ಹಳದಿ ಟೋಪಿ, ಒಂದು ಮಲ್ಟಿಮೀಟರು,
ಗಂಡಸರ ಅಳತೆಯ ಬೂಟು
(ಮುಂಗಾಲಿಗೆ ಹತ್ತಿ ತುರುಕಿ ಎರಡು ಹಂಗಾಮು ನಡೆದೆ),
ಮತ್ತು ನೂರುಲ್ಲಾ ಸಾಹೇಬರನ್ನು.

ಸಾಹೇಬರು ಮಾತು ಕಡಿಮೆ.
ಕೇಬಲಿನ ಸಿಪ್ಪೆ ಸುಲಿಯುವಾಗ
ಕಬ್ಬಿನ ಗಿಣ್ಣು ಸುಲಿದಷ್ಟು ಜೋಪಾನ.
'ನೋಡಮ್ಮ, ತೊಟ್ಟಿ ತುಂಬಿದರೆ ತಂತಿಯಲ್ಲಿ ಇಪ್ಪತ್ತು,
ಅರ್ಧಕ್ಕೆ ಬಂದರೆ ಹನ್ನೆರಡು.
ಪೂರಾ ಖಾಲಿಯಾದರೆ?'
ಪರೀಕ್ಷೆಗೆ ಬರೆದಿದ್ದೆ, ಅಂಕವೂ ಬಂದಿತ್ತು,
ಆದರೂ ನಾಲಿಗೆ ಸೊನ್ನೆ ಎಂದಿತು.
'ನಾಲ್ಕು.
ಏನೂ ಇಲ್ಲ ಅಂತ ಹೇಳೋಕೂ
ಒಂದಿಷ್ಟು ಕರೆಂಟು ಖರ್ಚು ಮಾಡಬೇಕು.
ಸೊನ್ನೆ ಬಂತೋ,
ಖಾಲಿಯಾಗಿರೋದು ತೊಟ್ಟಿಯಲ್ಲ,
ತಂತಿ ಸತ್ತಿದೆ.'

ಸಂಕ್ರಾಂತಿ ಕಳೆದ ವಾರ, ರಾತ್ರಿ ಪಾಳಿ.
ಹೊರಗೆ ರಸ್ತೆಯುದ್ದ ಕಬ್ಬಿನ ಟ್ರ್ಯಾಕ್ಟರುಗಳು,
ಒಂದರ ಕೆಳಗೊಬ್ಬ ಡ್ರೈವರು ಹೊದ್ದು ಮಲಗಿದ್ದ.
ಪರದೆಯಲ್ಲಿ ರಸದ ತೊಟ್ಟಿ ಇದ್ದಕ್ಕಿದ್ದಂತೆ ಸೊನ್ನೆ.
'ಖಾಲಿ ಕನ್ರೀ' ಎಂದ ಸಿದ್ದಲಿಂಗು
ಪಂಪಿನ ವೇಗ ಏರಿಸಲು ಬೆರಳಿಟ್ಟ.
ತಡಿ, ಎಂದೆ. ಎಂದದ್ದು ನಾನೇನಾ?
ಟಾರ್ಚು ಹಿಡಿದು ಕಬ್ಬಿಣದ ಮೆಟ್ಟಿಲು ಹತ್ತಿದೆ.
ಬಿಸಿ ರಸ ಅಂಚಿಗೆ ಒಂದು ಗೇಣು ಕೆಳಗೆ
ಕಪ್ಪಗೆ ತುಳುಕುತ್ತಿತ್ತು.
ಪಕ್ಕದ ಪೆಟ್ಟಿಗೆಯಲ್ಲಿ, ಇಲಿ ಕಡಿದ ಎರಡು ತಂತಿ.
ಸಿಹಿಯಲ್ಲೇ ಹುಟ್ಟಿ ಬೆಳೆದ ಇಲಿಗೆ
ನಾಲಿಗೆ ಕೆಟ್ಟು ತಾಮ್ರ ಬೇಕಾಗಿತ್ತೇನೋ.

ಹೊಸೆದು ಕೂಡಿಸಿ, ಟೇಪು ಸುತ್ತಿ, ಕೆಳಗಿಳಿದೆ.
ಹತ್ತೊಂಬತ್ತೂವರೆ.
ಸಿದ್ದಲಿಂಗು ಕೈಯನ್ನು ಜೇಬಿಗೆ ಹಾಕಿಕೊಂಡ.
ಉಕ್ಕಿದ್ದರೆ ತನಿಖೆ, ಫೋಟೊ, ಮೂರು ನೋಟೀಸು.
ಉಕ್ಕಲಿಲ್ಲ. ಲಾಗ್‌ಬುಕ್ಕಿನಲ್ಲಿ ಒಂದು ಸಾಲು.
ನಮ್ಮ ಕಸುಬು ಹೀಗೆ:
ಆಗದೆ ಉಳಿದದ್ದಕ್ಕೆ ರಸೀದಿ ಇಲ್ಲ.

ಮರುವರ್ಷ ಸಾಹೇಬರು ನಿವೃತ್ತರಾದರು.
ಶಾಲು, ಹಾರ, ಗೋಡೆ ಗಡಿಯಾರ.
ಆಮೇಲೆ ಗುರುವಾರ ಗುರುವಾರ ರಾತ್ರಿ ಒಂಬತ್ತಕ್ಕೆ
ಫೋನು.
'ಏನಿಲ್ಲ ಕಣಮ್ಮ, ಸುಮ್ಕೆ ಮಾಡ್ದೆ.'
ನಾನು: ಹೂಂ ಸಾರ್.
'ಮೂರನೇ ಬಾಯ್ಲರಿನ ವಾಲ್ವು ಈಗಲೂ ಕೊಸರಾಡ್ತದಾ?'
ಹೂಂ ಸಾರ್.
'ಸರಿ, ಇಡ್ತೀನಿ.'
ಇಪ್ಪತ್ತು ಸೆಕೆಂಡೂ ಇಲ್ಲ.
ತಟ್ಟೆ ತೊಳೆಯುವಾಗ ನಗು ಬರುತ್ತಿತ್ತು ನನಗೆ,
ಇಷ್ಟಕ್ಕೆ ಫೋನು ಮಾಡುವುದೇ?

ಮೊನ್ನೆ ಗುರುವಾರ ಒಂಬತ್ತಾಯಿತು.
ಒಂಬತ್ತೂ ಕಾಲು.
ನಾನೇ ಮಾಡಿದರೆ, ಸಂಪರ್ಕದಲ್ಲಿಲ್ಲ ಎಂಬ ಹೆಂಗಸು.
ಮರೆತಿರಬಹುದು, ಮಲಗಿರಬಹುದು,
ಮಗಳ ಮನೆಗೆ ಹೋಗಿರಬಹುದು.
ಒಂಬತ್ತೂವರೆಗೆ ಸ್ಕೂಟರು ತೆಗೆದೆ.
ಗುತ್ತಲಿನ ಗಲ್ಲಿಗಳಲ್ಲಿ ನಾಯಿಗಳು ಬೆನ್ನು ಹತ್ತಿದವು,
ಹೆಲ್ಮೆಟ್ಟಿನೊಳಗೆ ನನ್ನ ಉಸಿರೇ ನನಗೆ ಜೋರು.

ಬಾಗಿಲು ತೆರೆದವರು ಸಾಹೇಬರೇ.
ಲುಂಗಿ, ಬನಿಯನ್ನು, ಮೂಗಿನ ತುದಿಯಲ್ಲಿ ಕನ್ನಡಕ.
ಹಿಂದೆ ಅಡುಗೆಮನೆಯಲ್ಲಿ ಬೀವಿಯವರ ಗೊಣಗು:
ಬಕೆಟ್ಟಿಗೆ ಬಿದ್ದ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂತಿದ್ದಾರಂತೆ,
ನಾಳೆ ಅನ್ನಕ್ಕೆ ಅಳೆಯುವುದು ಹೇಗಂತೆ.

'ಏನಾಯ್ತಮ್ಮ ಇಷ್ಟೊತ್ನಲ್ಲಿ? ಪ್ಲಾಂಟ್ ನಿಂತ್ಹೋಯ್ತಾ?'

ಹೇಳಲು ಎಷ್ಟೋ ಇತ್ತು, ಓಡಿ ಬಂದ ಎದೆಯಲ್ಲಿ.

ಏನಿಲ್ಲ ಸಾರ್, ಎಂದೆ.
ಸುಮ್ಕೆ ಬಂದೆ.