ಠೇವಣಿ

ಚುನಾವಣೆ ಘೋಷಣೆಯಾದ ಮೂರನೇ ದಿನಕ್ಕೆ
ಹೊಸನಗರದಲ್ಲಿ ಕೋವಿಗಳು ಬಸ್ಸಿಳಿಯುತ್ತವೆ.
ಒಂದು ಗೋಣಿಯೊಳಗೆ, ಒಂದು ಕಂಬಳಿಯೊಳಗೆ,
ಒಂದು, ಮಗಳ ಹಳೇ ಚೂಡಿದಾರದ ಒಂಟಿ ಕಾಲೊಳಗೆ
ಹದವಾಗಿ ತೂರಿಕೊಂಡು.
ನಾನು ಠಾಣೆಯ ರೈಟರು. ರಾಣೆಬೆನ್ನೂರಿನವಳು.
ಇಲ್ಲಿಗೆ ಬರುವ ತನಕ ಕೋವಿಯೆಂದರೆ ನನಗೆ
ಪರೇಡಿನ ಭುಜನೋವು, ಅಷ್ಟೆ.

ಈಗ ಹಿಡಿ ಮುಟ್ಟಿದರೆ ಮನೆ ಹೇಳುತ್ತೇನೆ.
ಸೈಕಲ್ ಸೀಟಿನ ಸ್ಪಂಜು ಸುತ್ತಿದ್ದರೆ ಕನ್ನಪ್ಪನದು;
ಅವನ ಕೆನ್ನೆಯ ಮೂಳೆ ಬಲು ನಾಜೂಕು.
ಹೆಗಲಿಗೆ ಜರಿಯಂಚಿನ ಪಟ್ಟಿಯಿದ್ದರೆ
ಬಟ್ಟೆಮಲ್ಲಪ್ಪದ ಚೆನ್ನವೀರಪ್ಪಗೌಡರದು,
ಧಾರೆಸೀರೆಯನ್ನೇ ಹರಿದರೆಂದು
ಹತ್ತು ವರ್ಷದಿಂದ ಮನೆಯಲ್ಲಿ ಮಾತಿಲ್ಲವಂತೆ.
ಹುಂಚದ ಕಡೆಯ ಪದ್ಮರಾಜಯ್ಯನವರ ಜೋಡುನಳಿಗೆ
ಒಳಗೆಲ್ಲ ಕನ್ನಡಿ.
ಬೆಳೆರಕ್ಷಣೆಗೆಂದು ಕೊಟ್ಟ ಲೈಸೆನ್ಸು,
ಆಕಾಶಕ್ಕೆ ಹೊಡೆದೇ ಮಂಗ ಓಡಿಸುವ ಜೈನರು.
"ಸದ್ದಿಗೆ ಪಾಪವಿಲ್ಲ ನೋಡಿ" ಎನ್ನುತ್ತಾರೆ.
ಆಮೇಲೆ ದನಿ ತಗ್ಗಿಸಿ,
"ಗೂಡಿನಲ್ಲಿ ಮೊಟ್ಟೆ ಒಡೆದಿದ್ದರೆ ಗೊತ್ತಿಲ್ಲ."

ನಾನು ಬರೆಯುತ್ತೇನೆ: ಹನ್ನೆರಡು ಬೋರು, ನಂಬರು,
ತೋಟಾ ಏಳು, ಒಂದಕ್ಕೆ ಹಸಿರು ಹಿಡಿದಿದೆ.
ಹೋದ ಸಲ ಹನ್ನೊಂದಿತ್ತಲ್ಲ, ಖಾಲಿ ಕೊಪ್ಪೆ ಎಲ್ಲಿ?
ಕಾಫಿಪುಡಿ ಅಳೆಯಲಿಕ್ಕೆ ಇಟ್ಟುಕೊಂಡಿದ್ದಾಳೆ, ಮೇಡಂ.

ಐಟಿಐ ಹುಡುಗ ಸುಕೇಶನಿಗೆ ಕೋವಿಯಿಲ್ಲ, ಪ್ರಶ್ನೆಗಳಿವೆ.
ಏರ್ ರೈಫಲ್ಲಿಗೆ ಲೈಸೆನ್ಸು ಬೇಕಾ?
ಸಣ್ಣದಕ್ಕೆ ಬೇಡ, ಜೋರಿನದಕ್ಕೆ ಬೇಕು.
ದುರ್ಬೀನು ಕೂರಿಸಬಹುದಾ?
ಕೂರಿಸು, ಖಾಲಿ ಡಬ್ಬ ಬಿಟ್ಟು ಇನ್ನೇನನ್ನೂ ನೋಡಬೇಡ.
ಸೈಲೆನ್ಸರು?
ಅದು ನಿನ್ನ ಬೈಕಿಗೇ ಇಲ್ಲವಲ್ಲೋ, ಮೊದಲು ಅಲ್ಲಿ ಹಾಕಿಸು.
ನಕ್ಕ. ಆದರೆ ಅವನ ಕಣ್ಣು ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ
ಒಂದೊಂದೇ ಚೀಟಿ ಎಣಿಸುತ್ತಿತ್ತು,
ಮಿಠಾಯಿ ಅಂಗಡಿಯೆದುರು ಸಕ್ಕರೆ ಕಾಯಿಲೆಯವನ ಹಾಗೆ.

ಎಣಿಕೆ ಮುಗಿಯಿತು. ಗೆದ್ದವರು ಪಟಾಕಿ ಹೊಡೆದರು.
ಮೂವತ್ತೊಂದು ಕೋವಿಗಳ ಮೂವತ್ನಾಲ್ಕು ಬಾಯಿ
ಕಪಾಟಿನೊಳಗೆ ಸುಮ್ಮನೆ ಕೇಳಿಸಿಕೊಂಡವು.
ರಶೀದಿ ತಂದಂತೆ ಒಂದೊಂದೇ ಬಸ್ಸು ಹತ್ತಿದವು.
ಉಳಿದದ್ದು ಇಪ್ಪತ್ತೊಂಬತ್ತನೆಯದು:
ಒಂಟಿನಳಿಗೆ, ಹಲಸಿನ ಮರದ ಹಿಡಿ,
ಮಾಲೀಕರು ಬಂಗಾರ್ಯನಾಯ್ಕ,
ಮತದಾನದ ಮಾರನೆ ದಿನ ತೀರಿಕೊಂಡರು.

ಹೆಂಡತಿ ಚೌಡಮ್ಮ ಬಂದದ್ದು ಕೋವಿ ಕೇಳಲಿಕ್ಕಲ್ಲ.
ಗೊತ್ತು ಅವಳಿಗೆ, ಲೈಸೆನ್ಸು ಸತ್ತವನ ಜೊತೆಗೇ ಸಾಯುತ್ತದೆ,
ಅಳಿಯನ ಅರ್ಜಿಗೆ ಶಿವಮೊಗ್ಗದ ಆಫೀಸಿನಲ್ಲಿ
ಇನ್ನೂ ಒಂದು ಮುದ್ರೆ ಬಾಕಿ.
ಚೀಲದಿಂದ ತೆಗೆದಳು: ಕೆಮ್ಮಿನ ಔಷಧದ ಶೀಶೆಯಲ್ಲಿ
ಹೊಲಿಗೆ ಮಿಷನ್ನಿನ ಎಣ್ಣೆ, ಹರಿದ ಪಂಚೆಯ ಚೂರು.
"ಮಳೆಗಾಲ ಹಿಡೀತದೆ ಇನ್ನು. ಒಳಗೆ ತುಕ್ಕು ಕೂರ್ತದೆ.
ನನಗೆ ಕೊಡಬೇಡಿ. ಒರೆಸಿಬಿಡ್ತೀನಿ, ಇಲ್ಲೇ, ನಿಮ್ಮೆದುರೇ."

ನಿಯಮ ಹೇಳಿದೆ. ಮುಟ್ಟುವಂತಿಲ್ಲ ಅಮ್ಮ.
ವಾದಿಸಲಿಲ್ಲ. ಶೀಶೆ ಮೇಜಿನ ಮೇಲಿಟ್ಟು
ಬೆಂಚಿನ ತುದಿಗೆ ಕೂತಳು,
ನನ್ನ ಕೈ ನೋಡುತ್ತ.

ಸಾಹೇಬರು ರಿಪ್ಪನ್‌ಪೇಟೆಗೆ ಹೋಗಿದ್ದರು.
ಕೋವಿಯ ನಡು ಮುರಿದೆ. ಸರಳಿಗೆ ಬಟ್ಟೆ ಸುತ್ತಿದೆ.
"ಅಷ್ಟು ದಪ್ಪ ಬೇಡ" ಅಂದಳು ಕೂತಲ್ಲಿಂದಲೇ.
"ತಿರುಗಿಸ್ತಾ ತಳ್ಳಿ. ಎಳೆಯುವಾಗ ತಿರುಗಿಸಬೇಡಿ.
ಕುದುರೆ ಹತ್ರ ಒಂದೇ ಹನಿ. ಅವರು ಎರಡು ಹಾಕಿ
ಯಾವತ್ತೂ ಅಂಗಿ ಕೆಡಿಸಿಕೊಳ್ತಿದ್ರು."
ಬಟ್ಟೆ ಕಪ್ಪಾಗಿ ಬಂತು. ಮತ್ತೊಂದು ಚೂರು.
ಬೂದು. ಮತ್ತೊಂದು.

ಬೆಳಕಿಗೆ ಹಿಡಿದು ನಳಿಗೆಗೆ ಕಣ್ಣಿಟ್ಟೆ:
ಉಂಗುರದೊಳಗೆ ಉಂಗುರ, ನುಣ್ಣಗೆ,
ತುದಿಯಲ್ಲಿ ರೂಪಾಯಿಯಗಲದ ಠಾಣೆಯ ಬಾಗಿಲು,
ಬಾಗಿಲಲ್ಲಿ ಎದ್ದು ನಿಂತ ಚೌಡಮ್ಮನ
ಸೀರೆಯ ಒಂದು ಹೂವು.
"ಆಯ್ತಾ?"
ಇಲ್ಲ, ಇನ್ನೊಂದು ಸಲ, ಎಂದೆ.

ಷರಾ ಕಾಲಮ್ಮಿನಲ್ಲಿ ಏನು ಬರೆಯುವುದೆಂದು ತಿಳಿಯದೆ
ಖಾಲಿ ಬಿಟ್ಟಿದ್ದೇನೆ.
ಶೀಶೆಯಲ್ಲಿ ಅರ್ಧ ಎಣ್ಣೆ ಉಳಿದಿದೆ.
ಅದಕ್ಕೂ ಒಂದು ಚೀಟಿ ಕಟ್ಟಿದೆ: ಇಪ್ಪತ್ತೊಂಬತ್ತು.