ಮೂರು ಬೀಗ

ತಮಾಲೆ ಪೇಟೆಯ ನಮ್ಮ ಬ್ಯಾಂಕಿನಲ್ಲಿ
ಬೆಳಗಿನಿಂದ ಕೂತಿದ್ದಾಳೆ ಫುಸೇನಾ.
ಮೈಯೆಲ್ಲ ಶಿಯಾ ಬೆಣ್ಣೆಯ ಹೊಗೆವಾಸನೆ,
ಫ್ಯಾನಿನ ಗಾಳಿಗೂ ಜಗ್ಗದು ಅದು.
ನಾನು ಈಚೆ, ಗಾಜಿನ ಹಿಂದೆ.
ಒಂದೊಂದೇ ಕಾಲಂ ಕೇಳುವುದಕ್ಕೆ ನನಗೆ ಸಂಬಳ.

ಜಮೀನು?
ಗಂಡನ ಅಣ್ಣನದು. ಮರಗಳೂ ಅವನವೇ.
ಉದುರಿದ ಕಾಯಿ ಮಾತ್ರ ಹೆಂಗಸರದು,
ಅದೂ ಬೆಳಕು ಹರಿಯುವ ಮೊದಲು ಹೆಕ್ಕಿದರೆ,
ಹಾವು ಕಚ್ಚದಿದ್ದರೆ.

ಮನೆ?
ಗೋಡೆ ಮೆತ್ತಿದ್ದು ನಾನು. ಕಾಗದ ಅವರದು.

ಲೆಕ್ಕಪತ್ರ?
ಹಣೆಗೆ ಬೆರಳಿಟ್ಟು ತೋರಿಸಿ ಶುರುಮಾಡಿದಳು:
ಇಪ್ಪತ್ತೆರಡು ವರ್ಷದ ಬೋಸಿಗಳು, ಯಾರ ಬಾಕಿ ಎಷ್ಟು,
ಯಾವ ಮಳೆಗಾಲಕ್ಕೆ ಸೌದೆ ಎಷ್ಟಕ್ಕೆ ಏರಿತ್ತು,
ಸತ್ತವರ ಸಾಲ ಯಾರು ತೀರಿಸಿದರು...
ನಾನು ಬರೆದೆ: ಇಲ್ಲ.

ಜಾಮೀನು?
ಬಾಗಿಲ ಕಡೆ ತಿರುಗಿ ಕರೆದಳು.
ಒಳಗೆ ಬಂದ ಮೈದುನನ ಮಗ, ಹತ್ತೊಂಬತ್ತರವನು,
ಮೀಸೆ ಇನ್ನೂ ಯೋಚಿಸುತ್ತಿದೆ.
ಇವನ ಮೂಗು ಒರೆಸಿದ್ದು ಇವಳ ಸೆರಗು,
ಶಾಲೆಯ ಫೀಸು ಕಟ್ಟಿದ್ದು ಇವಳ ಬೆಣ್ಣೆ.
ಈಗ ಇವಳು ನಂಬಿಗಸ್ಥಳೆಂದು
ಇವನು ಹೇಳಬೇಕು.
ಪೆನ್ನು ಹಿಡಿದವನು ತಲೆ ಎತ್ತಲೇ ಇಲ್ಲ.
ಹಾಕು ಮಗಾ, ಹಾಕು,
ಅಕ್ಷರ ಕಲಿಸಿದ್ದು ಇದಕ್ಕೇ ಅಂದುಕೋ.

(ಹೋದ ವರ್ಷ ನನ್ನ ಸ್ಕೂಟರಿನ ಸಾಲಕ್ಕೆ
ರುಜು ಹಾಕಿದ್ದು ನನ್ನ ತಮ್ಮ.
ಅವನಿಗೆ ಕೆಲಸವಿರಲಿಲ್ಲ.)

ಎದ್ದು ನಿಂತವಳು ಕೇಳಿದಳು:
ಆ ಕಬ್ಬಿಣದ ಕೋಣೆಗೆ ಬೀಗ ಎಷ್ಟು ತಾಯಿ?
ಎರಡು, ಅಂದೆ.
ನಮ್ಮ ಸಂಘದ ಪೆಟ್ಟಿಗೆಗೆ ಮೂರು.
ಒಂದು ಕೀಲಿ ನನ್ನ ಸೊಂಟದಲ್ಲಿ, ಒಂದು ಸನಾತು ಹತ್ತಿರ,
ಇನ್ನೊಂದು ಕಣ್ಣು ಕಾಣದ ದಾಮು ಅಜ್ಜಿಯ ಬಳಿ.
ಮೂವರೂ ಕೂಡದೆ ತೆರೆಯದು.
ಒಮ್ಮೆ ಸನಾತು ಮುನಿಸಿಕೊಂಡು
ಹದಿನೇಳು ದಿನ ದುಡ್ಡೆಲ್ಲ ಉಪವಾಸ ಬಿದ್ದಿತ್ತು!
ನಕ್ಕಳು. ಹುಡುಗನೂ ನಕ್ಕ.
ಕಾಸು ಕಳೆದಿದ್ದಿಲ್ಲ ಯಾವತ್ತೂ.
ಏನು ಮಾಡಲಿ, ಗಿರಣಿಯ ಬೆಲೆ
ಆ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ.

ಸಂಜೆ ಮ್ಯಾನೇಜರು ಫಾರಂ ಹಿಂದಕ್ಕೆ ಸರಿಸಿದರು:
ಜಿಡ್ಡಾಗಿದೆ, ಹೊಸದು ಬರೆಸಿ.
ಹೌದು, ಹೆಸರಿನ ಪಕ್ಕ ದೊಡ್ಡದೊಂದು ಬೆರಳಗುರುತು.
ಕಿಟಕಿಗೆ ಹಿಡಿದೆ.
ಉಳಿದ ಹಾಳೆಯೆಲ್ಲ ಮಂಕು,
ಅಲ್ಲಿ ಮಾತ್ರ
ಬೆಳಕು ಆಚೆಯಿಂದ ಈಚೆಗೆ ಹಾಯುತ್ತಿತ್ತು.

ಹೊಸದು ಬರೆಸಲಿಲ್ಲ.
ಅದನ್ನೇ ಲಕೋಟೆಗೆ ಹಾಕಿ
ನಾಲಿಗೆಯಿಂದ ಅಂಟಿಸಿದೆ.