ಯಾವಾಗ

ಶಬ್ದ ಎಲ್ಲಿಂದ ಬರುತ್ತಿದೆ ಅಂತ ಹೇಳಲು ಹೊರಟೆ.
ದೋನ್ಯ ಇಲಾರಿಯಾ ಕೈ ಅಡ್ಡ ಹಿಡಿದಳು:
"ಎಲ್ಲಿ ಅನ್ನುವುದು ನನ್ನ ಕೆಲಸ.
ನೀನು ಯಾವಾಗ ಅನ್ನುವುದನ್ನಷ್ಟೇ ಹೇಳು."

ಕೊಲ್ಚಾನಿಯ ತಗಡಿನ ಶೆಡ್ಡು. ಆಚೆ ಉಪ್ಪಿನ ಗುಪ್ಪೆಗಳು.
ನನ್ನ ಲ್ಯಾಂಡ್ ಕ್ರೂಸರ್ ಎಂಬತ್ತಾರನೇ ಇಸವಿಯದು,
ಮೂವರು ಒಡೆಯರನ್ನು ಸವೆಸಿ ನನ್ನ ಕೈಗೆ ಬಂದದ್ದು.
ಮೀಟರು ಎರಡು ಸಲ ಸೊನ್ನೆಗೆ ಮರಳಿ
ಈಗ ಮತ್ತೆ ಪ್ರಾಯದ ಸುಳ್ಳು ಹೇಳುತ್ತಿದೆ.

ಅವಳ ಎಡಗಿವಿ ಪುಲಕಾಯೊ ಗಣಿಯ ಬಾಯಲ್ಲಿ
ಸಿಡಿಮದ್ದಿನ ಜೊತೆ ಹೋಯಿತು.
ಬಲಗಿವಿಗೆ ಸಣ್ಣ ದನಿ ಸಿಕ್ಕುವುದಿಲ್ಲ.
ಅದಕ್ಕೇ ಗಿರಾಕಿಗಳ ಬಾಯಲ್ಲೇ ಶಬ್ದ ಮಾಡಿಸುತ್ತಾಳೆ:
ಮಾಡು, ನಾಚದೆ ಮಾಡು.
ನಮ್ಮ ತುಟಿ ನೋಡಿ ಗೇರಿನ ಹಲ್ಲು ಎಣಿಸುತ್ತಾಳೆ.

ಗುಂಯ್, ಅಂದೆ.
"ಗುಂಯ್ಯೋ, ಗೊರ್ರೋ?"
ಗುಂಯ್. ನಡುನಡುವೆ ಟಣ್.
"ಕಾಲು ಒತ್ತಿದಾಗಲೋ, ಎತ್ತಿದಾಗಲೋ?"
ಎತ್ತಿ ಮತ್ತೆ ಒತ್ತಿದಾಗ.
"ಎಷ್ಟು ಸಲ?"
ಒಂದೇ ಸಲ. ಪಕ್ಕದ ಮನೆಯಲ್ಲಿ ಯಾರೋ
ಸಿಟ್ಟಿನಿಂದ ಬಾಗಿಲು ಹಾಕಿಕೊಂಡ ಹಾಗೆ.
"ತಿರುವಿನಲ್ಲಿ ಕಟಕಟ?"
ಇಲ್ಲ.
"ಇಲ್ಲವೋ, ಕೇಳಿಸಿಕೊಂಡಿಲ್ಲವೋ?"
ಅದಕ್ಕೆ ಉತ್ತರವಿರಲಿಲ್ಲ.

ಉಪ್ಪಿನ ಬಯಲಿಗೆ ಇಳಿದೆವು.
ಗುಂಡಿಯಿಲ್ಲ, ಕಲ್ಲಿಲ್ಲ, ಬೊಗಳಲು ನಾಯಿಯಿಲ್ಲ,
ದನಿಯನ್ನು ತಿರುಗಿ ಎಸೆಯಲು ಒಂದು ಗೋಡೆಯಿಲ್ಲ.
ಆರು ಮೂಲೆಯ ಉಪ್ಪಿನ ಹಲಗೆಗಳ ಮೇಲೆ
ಟೈರುಗಳದೇ ಒಂದು ಚರಚರ.
"ಅದನ್ನು ಮೊದಲು ಕಳೆ. ಉಳಿದದ್ದು ಹೇಳು."

ಎಂಬತ್ತಕ್ಕೆ ಏರಿಸಿ ನ್ಯೂಟ್ರಲ್ ಮಾಡಿದೆ. ಗುಂಯ್ ಹೋಗಲಿಲ್ಲ.
"ಸರಿ, ಎಂಜಿನ್ನನ್ನು ಬಿಟ್ಟುಬಿಡು ಪಾಪ."
ಎಡಕ್ಕೆ ವಾಲಿಸಿದೆ, ಬಲಕ್ಕೆ ವಾಲಿಸಿದೆ,
ಹಾವು ಹರಿದಂತೆ ಒಂದು ಮೈಲಿ. ಗುಂಯ್ ಬದಲಾಗಲಿಲ್ಲ.
"ಚಕ್ರದ ಬೇರಿಂಗುಗಳೂ ಮನೆಗೆ ಹೋಗಲಿ."
ಇಳಿದು ಮುಂದಿನ ಹಬ್ಬುಗಳ ಬೀಗ ತೆಗೆದೆ.
ಮುಂದಿನ ಶಾಫ್ಟು ನಿದ್ದೆ ಹೋಯಿತು,
ಶಬ್ದ ಎಚ್ಚರವಾಗಿಯೇ ಇತ್ತು.
ಅವಳು ಮಾತಾಡಲಿಲ್ಲ. ಜಾಕು ಹುಡುಕತೊಡಗಿದಳು.

ಹಲಗೆಯ ಮೇಲೆ ಜಾಕು, ಗಾಳಿಯಲ್ಲಿ ಹಿಂದಿನೆರಡು ಚಕ್ರ,
ನಿಧಾನ ಮೂರನೇ ಗೇರು.
ಉದ್ದ ಸ್ಕ್ರೂಡ್ರೈವರಿನ ತುದಿ ಡಿಫರೆನ್ಷಿಯಲ್ಲಿಗೆ ಒತ್ತಿ
ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ
ಕಣ್ಣು ಮುಚ್ಚಿದಳು.
ಕಿವಿ ಕೈಕೊಟ್ಟವಳಿಗೆ ದವಡೆಯ ಮೂಳೆ ಕೇಳಿಸುತ್ತಿತ್ತು.
"ಇದು ಸಜ್ಜನ," ಅಂದಳು ಹಿಡಿ ಉಗುಳಿ.
"ಆಫ್ ಮಾಡು."

ನಿಂತ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿದಳು.
ಲೊಟಕ್.
ಅಡ್ಡಗೀಲಿನ ಟೋಪಿಯಂಚಿನಿಂದ
ಕೆಂಪು ಪುಡಿ ಉದುರಿತು ಬಿಳಿ ನೆಲಕ್ಕೆ,
ಒಣಮೆಣಸಿನ ಖಾರ ಚೆಲ್ಲಿದ ಹಾಗೆ.
ಒಂದು ಕಾಲಕ್ಕೆ ಅವು ಉಕ್ಕಿನ ಸೂಜಿಗಳು.

ಆಗ ಬಂತು ಕೊನೆಯ ಪ್ರಶ್ನೆ:
"ಯಾವಾಗಿನಿಂದ?"

ಫೆಬ್ರವರಿ. ಬಯಲಿನಲ್ಲಿ ಮೊಣಕಾಲು ಮುಟ್ಟದ ನೀರು,
ಆಕಾಶ ಕಾಲಡಿಗೆ ಬಂದಿದೆ ಅಂತ ಕುಣಿದ ಐದು ಪ್ರವಾಸಿಗರು,
ಇನ್ನೂ ಒಂದು ಫೋಟೋ, ಇನ್ನೂ ಒಂಚೂರು ಒಳಗೆ.
ಮಾರನೆಯ ದಿನ ತೊಳೆಯಲಿಲ್ಲ. ಗ್ರೀಸು ಹಾಕಲಿಲ್ಲ.
ವಾರದ ನಂತರ ಟಣ್.
ಉಪ್ಪು ತಿಂದದ್ದು ಗಾಡಿ, ನೀರು ಕುಡಿಯಬೇಕಾದವನು ನಾನು.

"ರೇಡಿಯೋ ಜೋರು ಮಾಡಿದ ದಿನದಿಂದ," ಅಂದೆ.
ದೋನ್ಯ ಇಲಾರಿಯಾ ನಕ್ಕಳು, ಬಂಗಾರದ ಹಲ್ಲು ಕಾಣುವಷ್ಟು.
"ಅರ್ಧ ಉಯುನಿಗೆ ಇದೇ ಕಾಯಿಲೆ."

ಸಂಜೆಗೆ ಹೊಸ ಕೀಲು ಕೂತಿತು.
ನೂರಿಪ್ಪತ್ತು ಬೊಲಿವಿಯಾನೊ, ಬೇರಂಗಡಿಯ ಕೀಲಿನ ಬೆಲೆ ಬೇರೆ.
ಒಬ್ಬನೇ ಹೊರಟೆ. ಟಣ್ ಇಲ್ಲ, ಗುಂಯ್ ಇಲ್ಲ.
ಅಷ್ಟು ನಿಶ್ಶಬ್ದದಲ್ಲಿ
ಇಷ್ಟು ದಿನ ಅವುಗಳ ಹಿಂದೆ ಸರತಿ ನಿಂತಿದ್ದ
ಒಂದು ಸಣ್ಣದು ಮುಂದೆ ಬಂತು.

ಕೈ ರೇಡಿಯೋದತ್ತ ಹೋಯಿತು. ಹಿಂದಕ್ಕೆ ತಂದೆ.
ಕಿಟಕಿ ಇಳಿಸಿದೆ, ಚಳಿ ಒಳಗೆ ಬಂತು.
ಯಾರೂ ಇಲ್ಲದ ಬಿಳಿಯಲ್ಲಿ ಬಾಯಿ ತೆರೆದು ಅಭ್ಯಾಸ ಮಾಡಿದೆ:
ಚಿಂವ್.
ಅಲ್ಲ. ಸಿಂಯ್.
ಕಾಲು ಎತ್ತಿದಾಗ.
ಐವತ್ತರ ಕೆಳಗೆ.